ಮಳೆಗೆ ಕಾಯೋದು, ಮಟಕಾ ಬರೆಸೋದು

"ಒಕ್ಕಲುತನ ಅಂದ್ರ ಮಳಿ ಜೋಡಿ ಆಡೋ ಜೂಜು ನೋಡ್ರಿ." ಈ ಮಾತು ಕೇಳದ ಕಿವಿ ನಮ್ಮ ಕಡೆ ಸಿಗೋದು ಕಷ್ಟ. ಪೇಪರಿನವರು ಬರೀತಾರೆ, ವೇದಿಕೆ ಹತ್ತಿದ ರಾಜಕಾರಣಿ ಹೇಳ್ತಾನೆ, ದೇವಾಪುರದಲ್ಲಿ ಚಹಾದಂಗಡಿ ಮುಂದೆ ಕೂತವರೂ ಹೇಳ್ತಾರೆ. ಈಚೆಗೆ ಅದಕ್ಕೊಂದು ಬಾಲವೂ ಬೆಳೆದಿದೆ. "ರೈತರ ಮಕ್ಕಳಿಗೆ ಜೂಜು ಹೊಸಾದೇನು? ಅಪ್ಪ ಹೊಲದಾಗ ಆಡ್ದ, ಮಗ ಫೋನಿನ್ಯಾಗ ಆಡ್ತಾನ."

ಕೇಳಿದ ಕೂಡಲೇ ತಲೆ ಆಡಿಸಬೇಕು ಅನಿಸುವಂಥ ಮಾತು. ನನ್ನ ತಕರಾರು ಇರೋದು ಅದರ ಮೇಲೇನೇ. ನಮ್ಮ ಓಣಿಯ ಹುಡುಗನೊಬ್ಬ ಹತ್ತಿ ಮಾರಿದ ದುಡ್ಡನ್ನು ಫೋನಿನ ಆಟದಲ್ಲಿ ಕಳೆದು, ಮೇಲೆ ಸಾಲ ಮಾಡಿ, ಅದನ್ನೂ ಕಳೆದಾಗ ಹಿರಿಯರು ಪಂಚಾಯ್ತಿ ಕೂಡಿಸಿದರು. ಅಲ್ಲಿ ಈ ಮಾತನ್ನು ಒಬ್ಬರು ಸಮಾಧಾನಕ್ಕೆ ಅಂತ ಹೇಳಿದರು, ಇನ್ನೊಬ್ಬರು ಬೈಗುಳವಾಗಿ ಹೇಳಿದರು. ಎರಡಕ್ಕೂ ಒಪ್ಪುವ ಮಾತಿನಲ್ಲಿ ಏನೋ ಮೋಸ ಇರಬೇಕು ಅಂತ ನನಗೆ ಅನಿಸಿತು.

ಮೋಸ ಎಲ್ಲಿದೆ ಅಂತ ನೋಡೋಕೆ ಸ್ಕಿನ್ನರ್ ಹತ್ತಿರ ಹೋಗಬೇಕು. ಬಿ.ಇಡಿ. ಮಾಡಿದವರಿಗೆ, ಟಿಇಟಿ ಬರೆದವರಿಗೆ ಈ ಹೆಸರು ಗೊತ್ತು, ಆದರೆ ಒಂದು ಅಂಕದಷ್ಟು ಮಾತ್ರ. ಪಾವ್ಲೋವ್ ಅಂದ್ರೆ ನಾಯಿ, ಥಾರ್ನ್‌ಡೈಕ್ ಅಂದ್ರೆ ಬೆಕ್ಕು, ಕೊಹ್ಲರ್ ಅಂದ್ರೆ ಚಿಂಪಾಂಜಿ, ಸ್ಕಿನ್ನರ್ ಅಂದ್ರೆ ಇಲಿ ಇಲ್ಲವೇ ಪಾರಿವಾಳ. ಸರಿಯಾದ ಪ್ರಾಣಿಗೆ ಗುರುತು ಹಾಕಿದರೆ ಅಂಕ ಬಂತು, ಮುಂದಿನ ಪ್ರಶ್ನೆ. "ಪುನರ್ಬಲನದ ಅನುಸೂಚಿಗಳು" ಅಂತ ಗೈಡಿನಲ್ಲಿ ನಾಲ್ಕು ಸಾಲು ಇರುತ್ತೆ, ಅದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಈ ಹೆಸರೇ ಸಾಕು, ವಿದ್ಯಾರ್ಥಿ ಪುಟ ತಿರುಗಿಸಿಬಿಡ್ತಾನೆ. ಅದರ ಅರ್ಥ ಇಷ್ಟೇ: ಮಾಡಿದ ಕೆಲಸಕ್ಕೆ ಫಲ ಯಾವಾಗ, ಎಷ್ಟು ಸಲಕ್ಕೊಮ್ಮೆ ಸಿಗುತ್ತೆ ಅನ್ನೋ ಲೆಕ್ಕ.

ಈ ಲೆಕ್ಕ ಹುಟ್ಟಿದ್ದು ಸರಕು ಕಡಿಮೆ ಬಿದ್ದದ್ದರಿಂದ. 1930ರ ದಶಕದ ಮೊದಲ ವರ್ಷಗಳಲ್ಲಿ ಸ್ಕಿನ್ನರ್ ತನ್ನ ಇಲಿಗಳಿಗೆ ಕೊಡುವ ತಿನಿಸಿನ ಗುಳಿಗೆಗಳನ್ನು ತಾನೇ ಕೂತು ಮಾಡ್ತಿದ್ದ. ಒಂದು ಶನಿವಾರ ನೋಡಿದರೆ ಸೋಮವಾರದ ಹೊತ್ತಿಗೆ ಗುಳಿಗೆ ಖಾಲಿಯಾಗುವ ಹಾಗಿತ್ತು. ಪ್ರತಿ ಸಲ ಸನ್ನೆ ಒತ್ತಿದಾಗಲೂ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರೆ ಸಾಕು ಅಂತ ಹಾಗೇ ಮಾಡಿದ. ಇಲಿ ಒತ್ತೋದು ಬಿಡಲಿಲ್ಲ. ಈ ಪ್ರಸಂಗವನ್ನು ಅವನೇ 1956ರ ಒಂದು ಲೇಖನದಲ್ಲಿ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಅದರ ಮರುವರ್ಷ ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಈ ವಿಷಯದ ಮೇಲೆ ದಪ್ಪನೆಯ ಗ್ರಂಥವನ್ನೇ ತಂದ. ಪುಟ ತುಂಬ ಗೆರೆಗಳು. ಪಾರಿವಾಳ ಒಂದು ಸಲ ಕುಕ್ಕಿದರೆ ಪೆನ್ನು ಒಂದು ಮೆಟ್ಟಿಲು ಮೇಲೇರುತ್ತೆ, ಕಾಗದ ಒಂದೇ ಸಮ ಮುಂದೆ ಸರಿಯುತ್ತೆ. ಗೆರೆ ಕಡಿದಾಗಿದ್ದರೆ ಹಕ್ಕಿ ಜೋರಾಗಿ ಕುಕ್ಕುತ್ತಿದೆ ಅಂತ, ಮಟ್ಟಸವಾಗಿದ್ದರೆ ಸುಮ್ಮನೆ ನಿಂತಿದೆ ಅಂತ. ಹಕ್ಕಿಯ ಬುದ್ಧಿ, ಗುಣ, ವಂಶ ಯಾವುದನ್ನೂ ಕೇಳದೆ, ಕಾಳು ಕೊಡುವ ಲೆಕ್ಕ ನೋಡಿಯೇ ಗೆರೆ ಹೇಗೆ ಬಂದೀತು ಅಂತ ಬಹುಮಟ್ಟಿಗೆ ಹೇಳಬಹುದಿತ್ತು.

ಕಾಳು ಕೊಡುವ ರೀತಿಗಳಲ್ಲಿ ದೊಡ್ಡ ಕವಲು ಎರಡು. ಒಂದು ಎಣಿಕೆಯ ಲೆಕ್ಕ, ಇನ್ನೊಂದು ಹೊತ್ತಿನ ಲೆಕ್ಕ. ನಮ್ಮ ಸುರಪುರ ತಾಲ್ಲೂಕಿನ ಹೊಲದಲ್ಲಿ ನಿಂತರೆ ಎರಡೂ ಕಾಣುತ್ತೆ. ಹತ್ತಿ ಬಿಡಿಸೋಕೆ ಬಂದ ಹೆಣ್ಣುಮಕ್ಕಳಿಗೆ ಕೆಜಿಗೆ ಇಷ್ಟು ಅಂತ ಕೊಡೋದು ಎಣಿಕೆಯ ಲೆಕ್ಕ. ಕೈ ಎಷ್ಟು ಜೋರೋ ಕೂಲಿ ಅಷ್ಟು. ಅದಕ್ಕೇ ಕೆಜಿ ಲೆಕ್ಕದ ದಿನ ಹೊಲದಲ್ಲಿ ಮಾತು ಕಡಿಮೆ, ದಿನಗೂಲಿಯ ದಿನ ಹಾಡೂ ಇರುತ್ತೆ, ಅತ್ತಿ-ಸೊಸಿ ಪುರಾಣವೂ ಇರುತ್ತೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ವಾರಾಬಂದಿಯಲ್ಲಿ ಬರೋದು ಹೊತ್ತಿನ ಲೆಕ್ಕ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಬಂದ್ ಆದ ಮರುದಿನ ಕಾಲುವೆ ಕಡೆ ತಲೆ ಹಾಕಿಯೂ ಯಾರೂ ಮಲಗೋದಿಲ್ಲ. ಬಿಡುವ ದಿನ ಹತ್ತಿರ ಬಂದ ಹಾಗೆ ತೂಬಿನ ಹತ್ತಿರ ಓಡಾಟ, ಗುದ್ದಲಿ, ಜಗಳ ಎಲ್ಲಾ ಏರುತ್ತೆ. ಸ್ಕಿನ್ನರನ ಕಾಗದದ ಮೇಲೂ ಈ ಗೆರೆ ಹೀಗೇ ಇದೆ: ಫಲ ಸಿಕ್ಕ ಮೇಲೆ ಮಟ್ಟಸ, ಹೊತ್ತು ಹತ್ತಿರವಾದಂತೆ ಕಡಿದು. ಅಮೆರಿಕದ ಸಂಸತ್ತು ಮಸೂದೆ ಪಾಸು ಮಾಡುವ ವೇಗಕ್ಕೂ ಇದೇ ಆಕಾರ, ಅಧಿವೇಶನ ಮುಗಿಯೋ ಹೊತ್ತಿಗೆ ಗೆರೆ ನೆಟ್ಟಗಾಗುತ್ತೆ ಅಂತ 1972ರಲ್ಲಿ ಇಬ್ಬರು ಲೆಕ್ಕ ಹಾಕಿ ತೋರಿಸಿದರು. ಮಾರ್ಚ್ ತಿಂಗಳಲ್ಲಿ ರಸ್ತೆಗೆ ಡಾಂಬರು ಬೀಳೋದನ್ನು ನೋಡಿದ ನಮಗೆ ಇದು ಸಂಶೋಧನೆ ಅಂತಲೂ ಅನಿಸಲಿಕ್ಕಿಲ್ಲ.

ಈಗ ಮಳೆಗೆ ಬನ್ನಿ. ರೋಹಿಣಿ ಹೋಯ್ತು, ಮಿರಗ ಬಂತು, ಮಿರಗಾನೂ ಹೋಗಿ ಆರಿದ್ರಾ ಬಂತು. ಇಂಥ ದಿನ ಅಂತ ಹೇಳೋಕೆ ಬರೋದಿಲ್ಲ, ನಿಜ. ಆದರೆ ಮಳೆ ಬರೋದು ಅದರ ಹೊತ್ತಿಗೆ. ರೈತ ಹತ್ತು ಸಲ ಮುಗಿಲು ನೋಡಿದರೂ ಅಷ್ಟೇ, ನೂರು ಸಲ ನೋಡಿದರೂ ಅಷ್ಟೇ, ಒಂದು ಗಳಿಗೆ ಮುಂಚೆ ಬರೋದಿಲ್ಲ. ಇದು ಹೊತ್ತಿನ ಲೆಕ್ಕವೇ, ಹೊತ್ತು ಮಾತ್ರ ನಿಗದಿ ಇಲ್ಲ. ಇಂಥ ಲೆಕ್ಕದಲ್ಲಿ ಬೆಳೆದ ಹಕ್ಕಿ ನಿಧಾನವಾಗಿ, ಒಂದೇ ಸಮ, ಬೇಸರವಿಲ್ಲದೆ ಕುಕ್ಕುತ್ತಾ ಇರುತ್ತೆ. ಅವಸರ ಮಾಡಿ ಲಾಭ ಇಲ್ಲ, ಬಿಟ್ಟು ಹೋದರೆ ನಷ್ಟ. ನಾವು ತಾಳ್ಮೆ ಅಂತ ಕರೆಯೋದು ಬಹುಪಾಲು ಇದನ್ನೇ.

ಮಟಕಾ ಬೇರೆ. ಅಲ್ಲಿ ಪ್ರತಿ ಚೀಟಿಯೂ ಒಂದು ಅವಕಾಶ. ಚೀಟಿ ಬರೆಸದವನಿಗೆ ಎಷ್ಟು ಹೊತ್ತು ಕಾದರೂ ಏನೂ ಇಲ್ಲ, ಹತ್ತು ಬರೆಸಿದವನಿಗೆ ಹತ್ತು ಅವಕಾಶ. ಫಲ ಇರೋದು ಎಣಿಕೆಯ ಮೇಲೆ, ಎಷ್ಟನೇ ಎಣಿಕೆಗೆ ಅನ್ನೋದು ಮಾತ್ರ ಗುಟ್ಟು. ಸ್ಕಿನ್ನರನ ಗೆರೆಗಳಲ್ಲಿ ಎಲ್ಲಕ್ಕಿಂತ ಕಡಿದಾದದ್ದರಲ್ಲಿ ಇದೂ ಒಂದು. ಹಕ್ಕಿ ನಿಲ್ಲೋದೇ ಇಲ್ಲ. ಎರಡು ಹಕ್ಕಿಗಳಿಗೆ ಸಿಗುವ ಕಾಳು ಸಮ ಆಗುವ ಹಾಗೆ ನೋಡಿಕೊಂಡು, ಒಂದಕ್ಕೆ ಹೊತ್ತಿನ ಲೆಕ್ಕ, ಇನ್ನೊಂದಕ್ಕೆ ಎಣಿಕೆಯ ಲೆಕ್ಕ ಹಚ್ಚಿದರೂ ಎಣಿಕೆಯ ಹಕ್ಕಿಯೇ ಹೆಚ್ಚು ಜೋರಾಗಿ ಕುಕ್ಕುತ್ತೆ. ಅಂದ ಮೇಲೆ ಈ ವ್ಯತ್ಯಾಸ ಎಷ್ಟು ಸಿಗುತ್ತೆ ಅನ್ನೋದರಿಂದ ಬಂದದ್ದಲ್ಲ, ಸಿಗುವ ಬಗೆಯಿಂದ ಬಂದದ್ದು.

ಹೀಗಾಗಿ ಹೊಲದಲ್ಲಿ ಅಪ್ಪ ಆಡಿದ್ದನ್ನೇ ಫೋನಿನಲ್ಲಿ ಮಗ ಆಡ್ತಾನೆ ಅನ್ನೋದು ಸುಳ್ಳು. ಅಪ್ಪನಿಗೆ ಬದುಕು ಕಲಿಸಿದ್ದು ಕಾಯೋದನ್ನು. ಮಗನಿಗೆ ಫೋನು ಕಲಿಸಿದ್ದು ಕಾಯದೆ ಇನ್ನೊಂದು ಸಲ ಒತ್ತೋದನ್ನು. ಮರುಬಿತ್ತನೆ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇದೆ. ಬೀಜ ಒಣಗಿದರೆ ಇನ್ನೊಮ್ಮೆ ಬಿತ್ತುತ್ತಾರೆ, ಗಟ್ಟಿ ಜೀವ ಇದ್ದವರು ಮೂರನೇ ಸಲವೂ ಬಿತ್ತುತ್ತಾರೆ. ಆದರೆ ಹಂಗಾಮೇ ಅದಕ್ಕೊಂದು ಬೇಲಿ ಹಾಕುತ್ತೆ. ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಮಲಗಿಕೊಂಡು ನಲವತ್ತನೇ ಸಲ ಬಿತ್ತೋಕೆ ಆಗೋದಿಲ್ಲ.

ಹಿರಿಯರ ಎರಡನೇ ಅಸ್ತ್ರ ಧರ್ಮರಾಯ. ಪಂಚಾಯ್ತಿ ಕಟ್ಟೆ ಮೇಲೆ ಜೂಜಿನ ಮಾತು ಬಂದರೆ ಐದು ನಿಮಿಷದೊಳಗೆ ಅವನು ಬರಲೇಬೇಕು. "ಧರ್ಮರಾಯನಂಥವನೇ ಕೆಟ್ಟ, ನಿಂದೇನು." ಈ ಉದಾಹರಣೆ ಕೂಡ ಕೂಡೋದಿಲ್ಲ. ವ್ಯಾಸಭಾರತದ ಸಭಾಪರ್ವದಲ್ಲಿ ಶಕುನಿ ಎದುರು ಧರ್ಮರಾಯ ಒಂದೇ ಒಂದು ಪಣವನ್ನೂ ಗೆಲ್ಲೋದಿಲ್ಲ. ಪ್ರತಿ ದಾಳಕ್ಕೂ ಶಕುನಿ ಗೆದ್ದೆ ಅನ್ನುತ್ತಾನೆ. ಕರೆದರೆ ಇಲ್ಲ ಅನ್ನಬಾರದು ಅನ್ನೋ ಕ್ಷತ್ರಿಯ ಹಟ, ದೊಡ್ಡಪ್ಪನ ಆಜ್ಞೆ, ಮಾನ, ಇವೆಲ್ಲ ಅವನನ್ನು ಕೂರಿಸಿದ್ದು. ನಮ್ಮ ಹುಡುಗರು ಆಡೋದು ಸೋತದ್ದಕ್ಕಲ್ಲ, ನಡುನಡುವೆ ಗೆದ್ದದ್ದಕ್ಕೆ. ಬರೀ ಸೋಲೇ ಆಗಿದ್ದರೆ ವಾರದೊಳಗೆ ಬಿಡ್ತಿದ್ದರು. ಅವರಿಗೆ ಸೋಲಿನ ಕಥೆ ಹೇಳಿ ಹೆದರಿಸೋದು ಜ್ವರಕ್ಕೆ ಮಂಡಿಗೆ ಪಟ್ಟಿ ಕಟ್ಟಿದ ಹಾಗೆ.

ಗೆಲುವು ಎಷ್ಟು ಬೇಕು ಅನ್ನೋದಕ್ಕೆ ನಮ್ಮ ಕಡೆಯ ಪೊಲೀಸ್ ವರದಿಗಳನ್ನು ಓದಬೇಕು. ಅವೂ ಒಂದು ಸಾಹಿತ್ಯ ಪ್ರಕಾರವೇ, ಕಥೆ ಒಂದೇ, ಊರಿನ ಹೆಸರು ಮಾತ್ರ ಬದಲು. ಸಾರ್ವಜನಿಕ ಸ್ಥಳದಲ್ಲಿ ನಿಂತು ಒಂದು ರೂಪಾಯಿಗೆ 80 ರೂಪಾಯಿ ಕೊಡ್ತೀನಿ ಅಂತ ಕೂಗುತ್ತಿದ್ದ. ಮಟಕಾ ಅಂಕಿ ಬರೆದುಕೊಳ್ಳುತ್ತಿದ್ದ. ಇಷ್ಟು ನಗದು, ಒಂದು ಚೀಟಿ, ಒಂದು ಬಾಲ್ ಪೆನ್ ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3). ಎಲೆ ಆಡಿದವರಿಗೆ ಕಲಂ 87, ಅಂದರ್-ಬಾಹರ್. ಬಾಲ್ ಪೆನ್ ಪ್ರತಿ ಸಲವೂ ಜಪ್ತಿಯಾಗುತ್ತೆ, ಮರುದಿನ ಬೇರೆ ಪೆನ್ನು ಸಿಗುತ್ತೆ.

ಆ ಒಂದಕ್ಕೆ ಎಂಬತ್ತರ ಲೆಕ್ಕ ಮಾಡಿ ನೋಡಿ. ಜೋಡಿ ಅಂದರೆ ಸೊನ್ನೆ-ಸೊನ್ನೆಯಿಂದ 99ರ ತನಕ ನೂರು ಅಂಕಿಗಳಲ್ಲಿ ಒಂದು. ನೂರರಲ್ಲಿ ಒಂದು ಸಾಧ್ಯತೆಗೆ ಎಂಬತ್ತು ಕೊಟ್ಟರೆ ಆಡಿಸುವವನಿಗೆ ರೂಪಾಯಿಗೆ ಸರಾಸರಿ 20 ಪೈಸೆ ಉಳೀತು. ಇದು ಎಲ್ಲರಿಗೂ ಗೊತ್ತಿರೋ ಭಾಗ. ಗೊತ್ತಿಲ್ಲದ್ದು ಇನ್ನೊಂದು. ದಿನಕ್ಕೊಂದು ಜೋಡಿ ಬರೆಸುವ ನೂರು ಜನರನ್ನು ತೊಗೊಳ್ಳಿ. ಹತ್ತು ದಿನದೊಳಗೆ ಅವರಲ್ಲಿ ಹೆಚ್ಚುಕಡಿಮೆ ಹತ್ತು ಜನಕ್ಕೆ ಒಮ್ಮೆಯಾದರೂ ಹತ್ತುತ್ತೆ. ನೂರು ದಿನ ಆಡಿದರೂ ಒಮ್ಮೆಯೂ ಹತ್ತದವರು ಸುಮಾರು 37 ಜನ ಉಳೀತಾರೆ. ಈ 37 ಜನ ಬಾಯಿ ಬಿಡೋದಿಲ್ಲ. ಆ ಹತ್ತು ಜನ ಊರೆಲ್ಲ ಹೇಳಿಕೊಂಡು ಬರ್ತಾರೆ. ಹೀಗೆ ಒಬ್ಬನ ಗೆಲುವು ಉಳಿದವರಿಗೂ ಕಾಳಿನ ಕೆಲಸ ಮಾಡುತ್ತೆ. ಪಾರಿವಾಳಕ್ಕೆ ಈ ಸೌಲಭ್ಯ ಇರಲಿಲ್ಲ, ಪಕ್ಕದ ಗೂಡಿನ ಸುದ್ದಿ ಅದಕ್ಕೆ ಮುಟ್ಟುತ್ತಿರಲಿಲ್ಲ.

ಸ್ಕಿನ್ನರ್ ಸೋಲೋದೂ ಇಲ್ಲೇ. ಮನುಷ್ಯನನ್ನು ಹಕ್ಕಿಯ ಗೆರೆಯಿಂದ ಪೂರ್ತಿ ಓದೋಕೆ ಆಗೋದಿಲ್ಲ. ಮಾತನ್ನೂ ಇದೇ ಲೆಕ್ಕದಲ್ಲಿ ವಿವರಿಸೋಕೆ ಹೋದ ಅವನ ಪುಸ್ತಕವನ್ನು 1959ರಲ್ಲಿ ನೋಮ್ ಚಾಮ್‌ಸ್ಕಿ ಒಂದು ವಿಮರ್ಶೆಯಲ್ಲಿ ಬಿಡಿಬಿಡಿ ಮಾಡಿಟ್ಟ. ಆ ವಿಮರ್ಶೆಯ ಬಿಸಿ ಇನ್ನೂ ಆರಿಲ್ಲ. ಬೆಳೆದ ಮನುಷ್ಯ ತನ್ನೊಳಗೆ ತಾನೇ ಮಾತಾಡಿಕೊಳ್ತಾನೆ, ಎಣಿಸ್ತಾನೆ, ಶಕುನ ಹುಡುಕ್ತಾನೆ. 47 ಬರೆಸಿದವನಿಗೆ 48 ಬಂದರೆ "ಒಂದ ಅಂಕಿ ತಪ್ಪಿತು ನೋಡೋ" ಅಂತಾನೆ. ಗಣಿತದಲ್ಲಿ 48ಕ್ಕೂ 13ಕ್ಕೂ ಭೇದ ಇಲ್ಲ, ಎರಡೂ ಸೋಲು. ಅವನ ಬಾಯಲ್ಲಿ ಮಾತ್ರ ಅದು ಗೆಲುವಿನ ಮಗ್ಗುಲ ಮನೆ. ಹಳೇ ಅಂಕಿಗಳ ಚಾರ್ಟು ಇಟ್ಟುಕೊಂಡು ಮುಂದಿನದನ್ನು ತೆಗೆಯುವವರೂ ಇದ್ದಾರೆ, ಅವರನ್ನು ಕೇಳಿದರೆ ಇದು ಅದೃಷ್ಟ ಅಲ್ಲ, ಅಭ್ಯಾಸ ಅಂತಾರೆ.

ನಮ್ಮ ಕಾನೂನೂ ಬಹಳ ಕಾಲ ಈ ಚಾರ್ಟಿನವರ ಪ್ರಶ್ನೆಯನ್ನೇ ಕೇಳುತ್ತಾ ಕೂತಿತ್ತು. ಕೌಶಲವೋ, ಅದೃಷ್ಟವೋ? 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯೋದು ಯಾವುದು ಬಿಡೋದು ಗೊತ್ತಿರಬೇಕು ಅಂತ. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದು ಹಾಕಿತು. ಕೌಶಲದ ಆಟವನ್ನು ಜೂಜಿನ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟೋಕೆ ಬರೋದಿಲ್ಲ ಅನ್ನೋದು ವಾದದ ತಿರುಳು.

ಸಂವಿಧಾನದ ದೃಷ್ಟಿಯಿಂದ ಅದು ಸರಿಯೋ ತಪ್ಪೋ ವಕೀಲರು ನೋಡಿಕೊಳ್ಳಲಿ. ಹುಡುಗನ ಬೆರಳಿನ ದೃಷ್ಟಿಯಿಂದ ಆ ಪ್ರಶ್ನೆಗೆ ಅರ್ಥವೇ ಇಲ್ಲ. ರಮ್ಮಿಗೆ ಕೌಶಲ ಬೇಕು, ಒಪ್ಪಿದೆ. ಹಬ್ಬಕ್ಕೆ ಊರಿಗೆ ಬಂದಾಗ ನಾಲ್ಕು ಜನ ಬೀಗರು ಚಾಪೆ ಹಾಕಿಕೊಂಡು ಆಡಿದರೆ ಒಂದು ಆಟಕ್ಕೆ ಕಾಲು ಗಂಟೆ ಬೇಕು, ನಡುವೆ ಚಹಾ, ನಡುವೆ ಜಗಳ. ಅದೇ ರಮ್ಮಿ ಫೋನಿನಲ್ಲಿ ಬಂದರೆ ಎಲೆ ಕಲೆಸುವ ಹೊತ್ತೂ ಇಲ್ಲ. ಎದುರಿಗೆ ಕೂತವನ ಮುಖ ಇಲ್ಲ, "ಸಾಕೇಳೋ ಮಾವಾ" ಅನ್ನುವವರಿಲ್ಲ. ಕೌಶಲ ಎಷ್ಟೇ ಇರಲಿ, ಗೆಲುವು ಯಾವ ಸಲಕ್ಕೆ ಅಂತ ಮೊದಲೇ ಗೊತ್ತಾಗೋದಿಲ್ಲ, ಇನ್ನೊಂದು ಸಲ ಒತ್ತೋಕೆ ಅಡ್ಡಿಯೂ ಇಲ್ಲ. ಲೆಕ್ಕ ಮಟಕಾದ್ದೇ, ಓಪನ್ ಮತ್ತು ಕ್ಲೋಸ್ ನಡುವಿನ ಬಿಡುವನ್ನು ಕಿತ್ತು ಹಾಕಿದ್ದಾರೆ ಅಷ್ಟೇ. ಮಟಕಾದಲ್ಲಿ ಆ ಬಿಡುವು ಇತ್ತು ಅನ್ನೋದು ಅದಕ್ಕೆ ಶಿಫಾರಸು ಅಲ್ಲ, ಆದರೂ ಎಷ್ಟೋ ಜನ ಆ ಬಿಡುವಿನಲ್ಲೇ ಎದ್ದು ಮನೆಗೆ ಹೋಗಿದ್ದಾರೆ.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕಡೆಗೂ ಈ ಹಳೇ ಪ್ರಶ್ನೆಯನ್ನು ಬಿಟ್ಟಿದೆ. ಕೌಶಲವಿರಲಿ, ಅದೃಷ್ಟವಿರಲಿ, ಎರಡೂ ಇರಲಿ, ಗೆಲ್ಲುವ ಆಸೆಯಿಂದ ದುಡ್ಡು ಕಟ್ಟಿ ಆಡಿದರೆ ಅದು ಹಣದ ಆಟ, ಅದನ್ನು ನಡೆಸುವ ಹಾಗಿಲ್ಲ ಅನ್ನುತ್ತೆ. ಇಷ್ಟರ ಮಟ್ಟಿಗೆ ಹೊಗಳಬೇಕು. ಆಡಿದ ಹುಡುಗನ ಬದಲು ಆಡಿಸಿದವನ ಕಡೆ ತಿರುಗಿದ್ದನ್ನೂ ಹೊಗಳಬೇಕು. ಅದಕ್ಕೆ ಮುಂಚೆ ನಮಗಿದ್ದ ರಕ್ಷಣೆ ಅಂದರೆ ಜಾಹೀರಾತಿನ ಕೊನೆಗೆ ಬರುತ್ತಿದ್ದ ಒಂದು ಸಾಲು: ಇದು ಚಟವಾಗಬಹುದು, ಜವಾಬ್ದಾರಿಯಿಂದ ಆಡಿ. ಅದನ್ನು ಓದುವ ವೇಗ ನೋಡಿದರೆ ಓದುವವನಿಗೇ ಯಾರೋ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡ್ತಿದ್ದಾರೇನೋ ಅನಿಸುತ್ತಿತ್ತು. ಎಣಿಕೆಯ ಲೆಕ್ಕ ಕಟ್ಟಿದವನು ಒಬ್ಬ, ಜವಾಬ್ದಾರಿ ಮಾತ್ರ ಹಕ್ಕಿಯದ್ದು.

ಆದರೆ ಕಾಯ್ದೆಯಿಂದ ಆಟ ನಿಂತರೂ ಮನೆಯೊಳಗಿನ ಆಟ ನಿಲ್ಲೋದಿಲ್ಲ. ನಾನು ಇದನ್ನೆಲ್ಲ ಬರೆಯೋಕೆ ಕೂತದ್ದೇ ಆ ಕಾರಣಕ್ಕೆ. ಆಣೆ ಮಾಡಿಸೋದು ನಮ್ಮ ಕಡೆ ದೊಡ್ಡ ಮದ್ದು. ಗುಡಿಗೆ ಕರೆದುಕೊಂಡು ಹೋಗಿ, ಕಾಯಿ ಹಿಡಿಸಿ, ಇನ್ನು ಮುಟ್ಟೋದಿಲ್ಲ ಅನಿಸ್ತಾರೆ. ಆರು ತಿಂಗಳು ಬಿಟ್ಟ ಹುಡುಗ ಏಳನೇ ತಿಂಗಳು ಮತ್ತೆ ಕೂತಾಗ "ದೇವರ ಭಯಾನೂ ಇಲ್ಲ" ಅಂತಾರೆ. ಪ್ರತಿ ಸಲವೂ ಕಾಳು ಪಡೆದ ಹಕ್ಕಿ, ಕಾಳು ನಿಂತ ಕೂಡಲೇ ಬೇಗ ಕೈಬಿಡುತ್ತೆ. ಅಪರೂಪಕ್ಕೊಮ್ಮೆ ಪಡೆದ ಹಕ್ಕಿಗೆ ಕಾಳು ನಿಂತದ್ದೇ ಗೊತ್ತಾಗೋದಿಲ್ಲ, ಏಕೆಂದರೆ ಖಾಲಿ ಹೋಗೋದು ಅದಕ್ಕೆ ದಿನದ ರೂಢಿ. ಸಾವಿರ ಸಲ ಕುಕ್ಕುತ್ತೆ. ಉದ್ದನೆಯ ಸೋಲು ಅವನಿಗೆ ಬುದ್ಧಿ ಕಲಿಸಬೇಕಿತ್ತು ಅಂತ ನಾವು ಅಂದುಕೊಳ್ತೀವಿ. ಆ ಲೆಕ್ಕದಲ್ಲಿ ಉದ್ದನೆಯ ಸೋಲೇ ಗೆಲುವಿನ ದಾರಿಯಾಗಿ ಅವನಿಗೆ ಪರಿಚಯವಾಗಿದೆ.

ಸಾಲದ ವಿಷಯದಲ್ಲಿ ಮನೆಯವರು ಮಾಡೋದು ಇನ್ನೂ ವಿಚಿತ್ರ. ಹುಡುಗ ಕಾಕಾನ ಹತ್ತಿರ ದುಡ್ಡು ಕೇಳ್ತಾನೆ. ಕಾಕಾ ಬೈತಾನೆ, ಕೊಡೋದಿಲ್ಲ. ಮತ್ತೆ ಕೇಳ್ತಾನೆ, ಮತ್ತೆ ಬೈತಾನೆ. ಎಂಟನೇ ಸಲಕ್ಕೆ ಅವ್ವ ಅತ್ತಳು ಅಂತಲೋ, ಸಾಲಗಾರ ಬಾಗಿಲಿಗೆ ಬಂದು ನಿಂತ ಅಂತಲೋ ಕಾಕಾ ಗಂಟು ಬಿಚ್ಚುತ್ತಾನೆ. "ಇದs ಕಡೀ ಸಲ ನೋಡು ತಮ್ಮಾ." ಮುಂದಿನ ಬಾರಿ ಹನ್ನೆರಡನೇ ಸಲಕ್ಕೆ. ಕಾಕಾನಿಗೆ ತಾನು ಗಟ್ಟಿಯಾಗ್ತಿದ್ದೇನೆ ಅನಿಸುತ್ತೆ, ಎಂಟಕ್ಕೆ ಬಗ್ಗುತ್ತಿದ್ದವ ಈಗ ಹನ್ನೆರಡರ ತನಕ ನಿಂತೆ ಅಂತ. ಪ್ರಯೋಗಶಾಲೆಯಲ್ಲಿ ಹಕ್ಕಿಯನ್ನು ಹೆಚ್ಚು ಕುಕ್ಕುವ ಹಾಗೆ ಪಳಗಿಸೋದು ಹೀಗೇ, ಕಾಳಿನ ನಡುವಿನ ಎಣಿಕೆಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ. ಮೊದಲ ಸಲವೇ ಕೊಟ್ಟಿದ್ದರೆ, ಇಲ್ಲವೇ ಯಾವತ್ತೂ ಕೊಡದೇ ಇದ್ದಿದ್ದರೆ, ಹುಡುಗನಿಗೆ ಬೇಡುವ ಚಟ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅಕ್ಕರೆಯೂ ಸಿಟ್ಟೂ ಸರದಿಯಲ್ಲಿ ಬರುವ ಮನೆಗಳೇ ಇಲ್ಲಿ ಹೆಚ್ಚು, ನಮ್ಮದೂ ಸೇರಿ. ಸಾಲವನ್ನು ಒಂದೇ ಸಲ ಕೂತು ಲೆಕ್ಕ ಹಾಕಿ, ನೇರ ಸಾಲಗಾರನಿಗೇ ತೀರಿಸಿ, ಹುಡುಗ ಬೇಡಿದ್ದಕ್ಕೂ ದುಡ್ಡು ಹೋದದ್ದಕ್ಕೂ ನಂಟು ಇರದ ಹಾಗೆ ಮಾಡಿ ಅಂತ ಪಂಚಾಯ್ತಿಯಲ್ಲಿ ನಾನು ಹೇಳಿದೆ. "ಓದಿದವರ ಮಾತು" ಅಂತ ನಕ್ಕರು. ಕೊನೆಗೆ ಸಾಲಗಾರನ ಹತ್ತಿರ ಹೋದರಂತೂ ಹೌದು.

ಗೃಹಲಕ್ಷ್ಮಿ ದುಡ್ಡಿನಲ್ಲೂ ಇದೇ ಸಂಗತಿ ಚಿಕ್ಕದಾಗಿ ಕಾಣುತ್ತೆ. 2023ರ ಆಗಸ್ಟಿನಲ್ಲಿ ಶುರುವಾದಾಗ ತಿಂಗಳಿಗೆ 2,000 ರೂಪಾಯಿ ಅಂತ ಹೊತ್ತಿನ ಲೆಕ್ಕವೇ ಇತ್ತು. ಕಂತು ತಡವಾಗಿ, ಒಮ್ಮೊಮ್ಮೆ ಎರಡು ಕೂಡಿ ಬರೋಕೆ ಹತ್ತಿದ ಮೇಲೆ ಹೆಣ್ಣುಮಕ್ಕಳು "ಬಂತೇನವ್ವಾ?" ಅಂತ ದಿನಾ ಕೇಳೋಕೆ ಶುರು ಮಾಡಿದರು. ಇದನ್ನು ಆಸೆಬುರುಕತನ ಅಂತ ಆಡಿಕೊಂಡ ಗಂಡಸರನ್ನು ಕಂಡಿದ್ದೇನೆ. ಬಸ್ಸು ಟೈಮಿಗೆ ಬಾರದ ಊರಿನಲ್ಲಿ ಎಲ್ಲರೂ ರಸ್ತೆ ಕಡೆ ನೋಡ್ತಾ ಕೂತಿರ್ತಾರೆ, ಅದಕ್ಕೆ ಯಾರೂ ಹೆಸರಿಡೋದಿಲ್ಲ.

ಒಕ್ಕಲುತನದಲ್ಲಿ ನಿಜವಾಗಿಯೂ ಎಣಿಕೆಯ ಜೂಜು ಒಂದಿದೆ. ಅದನ್ನು ಮಾತ್ರ ಯಾರೂ ಜೂಜು ಅನ್ನೋದಿಲ್ಲ. ಅದು ಬೋರು. ಕಾಲುವೆಯ ನೀರು ಮುಟ್ಟದ ಹೊಲದವನು ಬೋರ್ ಹೊಡೆಸ್ತಾನೆ. ಒಂದು ಹೊಡೆಸಿದರೆ ಒಂದು ಅವಕಾಶ, ನಾಲ್ಕು ಹೊಡೆಸಿದರೆ ನಾಲ್ಕು. ಎಷ್ಟನೆಯದಕ್ಕೆ ಗಂಗೆ ಬರ್ತಾಳೆ ಗೊತ್ತಿಲ್ಲ. ಪಕ್ಕದ ಹೊಲದವನಿಗೆ ಎರಡನೆಯದಕ್ಕೇ ಬಂದಳು, ಅದು ಊರಿಗೆಲ್ಲ ಗೊತ್ತು. ಕೌಶಲವೂ ಇದೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರು ಬರ್ತಾರೆ. ಮಟಕಾ ಆಡಿ ಮನೆ ಮಾರಿದವನನ್ನು ಊರು ಉಗುಳುತ್ತೆ, ಬೋರ್ ಹೊಡೆಸಿ ಹೊಲ ಮಾರಿದವನನ್ನು ಪಾಪ ಅನ್ನುತ್ತೆ. ಗುಣದಿಂದ ಇಬ್ಬರನ್ನೂ ಬೇರೆ ಮಾಡಬಹುದು, ನಾನೂ ಮಾಡ್ತೀನಿ. ಗೆರೆ ಮಾತ್ರ ಒಂದೇ ಥರ ಬರುತ್ತೆ.

ಆ ಹುಡುಗನ ಅಪ್ಪ ಈ ಬೇಸಿಗೆಯಲ್ಲಿ ಮೂರನೇ ಬೋರಿಗೆ ಕೈ ಹಾಕಿದ. ಪಂಚಾಯ್ತಿಯಲ್ಲಿ ಮಗನಿಗೆ ಧರ್ಮರಾಯನ ಕಥೆ ಹೇಳಿದವನೂ ಅವನೇ. ರಾತ್ರಿ ಲೈಟು ಹಾಕಿಕೊಂಡು ಗಾಡಿ ಕೊರೀತಿತ್ತು, ಅರ್ಧ ಓಣಿ ಅಲ್ಲೇ ನಿಂತಿತ್ತು. ಬರೀ ಬಿಳೀ ಧೂಳು. ಆಪರೇಟರ್ ನಿಲ್ಲಿಸಲೇನ್ರಿ ಅಂತ ಕೇಳಿದ. ಅಷ್ಟರಲ್ಲಿ ಧೂಳು ಸ್ವಲ್ಪ ಹಸಿಯಾಗಿ ಬಂತು, ಮುಷ್ಟಿ ಕಟ್ಟಿದರೆ ಕೂಡುವಷ್ಟು. ಮಗ ಅದನ್ನು ಅಂಗೈಯಲ್ಲಿ ಹಿಡಿದು ಅಪ್ಪನಿಗೆ ತೋರಿಸಿದ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ಫುಟಿನ ಲೆಕ್ಕ ಬಾಯಲ್ಲೇ ಹಾಕಿ ಹೇಳಿದ: "ಇನ್ನೊಂದ್ ಐವತ್ತ್ ಫುಟ್ ಹೋಗ್ಲಿ ಬಿಡಪಾ."